ಫೌಂಡೇಶನ್ ಡಿಗ್ರಿಯಿಂದ ಹೆಲ್ತ್ ಅಂಡ್ ಸೋಷಿಯಲ್ ಕೇರ್ ಆನರ್ಸ್‌ಗೆ: ಟಾಪ್‌ಅಪ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆಯಾಗಿ ಇಂಗ್ಲೆಂಡಿಗೆ ಬಂದೆ. ಕೇರ್ ಹೋಮ್‌ನಲ್ಲಿ ಕೆಲಸಕ್ಕೆ ಸೇರಿದೆ. ಕೆಲಸ ಮಾಡುತ್ತಲೇ ಹತ್ತಿರದ ಕಾಲೇಜಿನಲ್ಲಿ ಫೌಂಡೇಶನ್ ಡಿಗ್ರಿ ಓದಿದೆ, ಆಮೇಲೆ ಯೂನಿವರ್ಸಿಟಿಯಲ್ಲಿ ಟಾಪ್‌ಅಪ್ ಮುಗಿಸಿದೆ. ಅಂದಿನಿಂದ ಯುಗಾದಿ ಊಟದ ಪಂಕ್ತಿಯಲ್ಲಿ, ರಾತ್ರಿ ಪಾಳಿಯ ಟೀ ಹೊತ್ತಿನಲ್ಲಿ, ಫೋನಿನಲ್ಲಿ, ಇಮೇಲ್‌ನಲ್ಲಿ ಇವೇ ಪ್ರಶ್ನೆಗಳು ಬರುತ್ತಿವೆ. ಕೇಳಿದವರ ಮಾತಿನಲ್ಲೇ ಅವನ್ನು ಇಟ್ಟಿದ್ದೇನೆ. ಇಲ್ಲಿರುವುದು ಇಂಗ್ಲೆಂಡಿನ ಲೆಕ್ಕ. ಸ್ಕಾಟ್ಲೆಂಡಿನಲ್ಲಿ ಲೆವೆಲ್‌ಗಳೂ ಬೇರೆ, ಫೀಸಿನ ನಿಯಮವೂ ಬೇರೆ.

## ಮೊದಲು ತಿಳಿಯಬೇಕಾದ್ದು

ಅಕ್ಕಾ, ಈ ಟಾಪ್‌ಅಪ್ ಅಂದ್ರೆ ನಿಜವಾಗಿ ಏನು?

ಇಂಗ್ಲೆಂಡಿನಲ್ಲಿ ಮೂರು ವರ್ಷದ ಆನರ್ಸ್ ಡಿಗ್ರಿಗೆ ಒಟ್ಟು 360 ಕ್ರೆಡಿಟ್. ಲೆವೆಲ್ 4ಕ್ಕೆ 120, ಲೆವೆಲ್ 5ಕ್ಕೆ 120, ಲೆವೆಲ್ 6ಕ್ಕೆ 120. ಫೌಂಡೇಶನ್ ಡಿಗ್ರಿ ಮುಗಿಸಿದವರ ಹತ್ತಿರ ಮೊದಲ ಎರಡು ಲೆವೆಲ್, ಅಂದರೆ 240 ಕ್ರೆಡಿಟ್ ಇರುತ್ತದೆ. ಉಳಿದ 120 ಓದಿ ಡಿಗ್ರಿ ಪೂರ್ತಿ ಮಾಡುವುದೇ ಟಾಪ್‌ಅಪ್. ಫುಲ್ ಟೈಮ್ ಆದರೆ ಒಂದು ವರ್ಷ, ಪಾರ್ಟ್ ಟೈಮ್ ಆದರೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ.

ಫೌಂಡೇಶನ್ ಡಿಗ್ರಿಗಳು ಇಲ್ಲಿ ಶುರುವಾದದ್ದು 2001ರಲ್ಲಿ, ಕೆಲಸದಲ್ಲಿರುವವರು ಓದಲಿ ಎಂಬ ಉದ್ದೇಶದಿಂದ. ಅದಕ್ಕೇ ನಮ್ಮಂಥ ಕೇರ್ ಕೆಲಸದವರಿಗೆ ಇದು ಚೆನ್ನಾಗಿ ಒಗ್ಗುತ್ತದೆ.

ನಾನು ಫೌಂಡೇಶನ್ ಇಯರ್ ಮಾಡಿದ್ದೀನಿ. ನನಗೂ ಕೊನೇ ವರ್ಷಕ್ಕೆ ಸೀಟು ಕೊಡ್ತಾರಾ?

ಇಲ್ಲ. ಹೆಸರು ಒಂದೇ ಥರ ಇರುವುದರಿಂದ ಬಹಳ ಜನ ಇಲ್ಲಿ ಎಡವುತ್ತಾರೆ. ಫೌಂಡೇಶನ್ ಇಯರ್ ಅಂದರೆ ಡಿಗ್ರಿಗೆ ಮುಂಚಿನ ವರ್ಷ. ಅದು ಲೆವೆಲ್ 3, ಹೆಚ್ಚುಕಡಿಮೆ ನಮ್ಮ ಪಿಯುಸಿ ಮಟ್ಟ. ಅದಾದ ಮೇಲೆ ಡಿಗ್ರಿಯ ಮೊದಲ ವರ್ಷಕ್ಕೆ ಸೇರಬೇಕು. ಫೌಂಡೇಶನ್ ಡಿಗ್ರಿ ಲೆವೆಲ್ 5. ನಿಮ್ಮ ಸರ್ಟಿಫಿಕೇಟ್ ತೆಗೆದು ನೋಡಿ. ಅದರಲ್ಲಿ ಎಫ್‌ಡಿಎ ಅಥವಾ ಎಫ್‌ಡಿಎಸ್‌ಸಿ ಎಂದಿದ್ದರೆ ಟಾಪ್‌ಅಪ್‌ಗೆ ಕೇಳಬಹುದು.

ನನ್ನ ಹತ್ರ ಎಚ್‌ಎನ್‌ಡಿ ಇದೆ, ನನ್ನ ಫ್ರೆಂಡ್ ಹತ್ರ ಕೆಲಸದಲ್ಲಿ ಮಾಡಿದ ಲೆವೆಲ್ 5 ಡಿಪ್ಲೊಮಾ ಇದೆ. ಎರಡೂ ಲೆವೆಲ್ 5 ತಾನೇ?

ಲೆವೆಲ್ ಒಂದೇ, ಗಾತ್ರ ಬೇರೆ. ಎಚ್‌ಎನ್‌ಡಿ, ಅಂದರೆ ಹೈಯರ್ ನ್ಯಾಷನಲ್ ಡಿಪ್ಲೊಮಾದಲ್ಲಿ 240 ಕ್ರೆಡಿಟ್ ಇರುತ್ತದೆ, ಡಿಪ್‌ಎಚ್‌ಇಯಲ್ಲೂ (ಡಿಪ್ಲೊಮಾ ಆಫ್ ಹೈಯರ್ ಎಜುಕೇಶನ್) ಅಷ್ಟೇ. ಹಾಗಾಗಿ ಇವೆರಡಕ್ಕೂ ಟಾಪ್‌ಅಪ್‌ಗೆ ದಾರಿ ಇದೆ. ಕೇರ್ ಹೋಮ್ ಕಡೆಯಿಂದ ಮಾಡಿಸುವ ಲೀಡರ್‌ಶಿಪ್ ಅಂಡ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಲೆವೆಲ್ 5 ಆದರೂ ಅದರ ಅರ್ಧದಷ್ಟೂ ಕ್ರೆಡಿಟ್ ಇರುವುದಿಲ್ಲ. ಅದೊಂದನ್ನೇ ಹಿಡಿದುಕೊಂಡು ನೇರವಾಗಿ ಕೊನೆಯ ವರ್ಷಕ್ಕೆ ಹೋಗುವುದು ಕಷ್ಟ. ನಿಮ್ಮ ಫ್ರೆಂಡ್ ಬೇಜಾರಾಗಬೇಕಿಲ್ಲ. ಹಿಂದಿನ ಓದು ಮತ್ತು ಕೆಲಸದ ಅನುಭವವನ್ನು ಕ್ರೆಡಿಟ್ ಆಗಿ ಪರಿಗಣಿಸುವ ವ್ಯವಸ್ಥೆ ಹಲವು ಯೂನಿವರ್ಸಿಟಿಗಳಲ್ಲಿದೆ. ಆರ್‌ಪಿಎಲ್ ಎಂದು ಕೇಳಿದರೆ ಗೊತ್ತಾಗುತ್ತದೆ.

ಇದು ಮುಗಿದ್ರೆ ನಾನು ನರ್ಸ್ ಆಗಬಹುದಾ? ಸೋಷಿಯಲ್ ವರ್ಕರ್?

ಈ ಡಿಗ್ರಿಯಿಂದ ನೇರವಾಗಿ ಎರಡೂ ಆಗುವುದಿಲ್ಲ. ದಯವಿಟ್ಟು ಇದನ್ನು ಫೀಸು ಕಟ್ಟುವ ಮೊದಲೇ ಮನಸ್ಸಿಗೆ ಹಾಕಿಕೊಳ್ಳಿ. ಮುಗಿಸಿದ ಮೇಲೆ ತಿಳಿದು ಅತ್ತವರನ್ನು ನಾನು ನೋಡಿದ್ದೇನೆ.

ಇಲ್ಲಿ ರಿಜಿಸ್ಟರ್ಡ್ ನರ್ಸ್ ಆಗಿ ಕೆಲಸ ಮಾಡಲು ಎನ್‌ಎಂಸಿ (ನರ್ಸ್‌ಗಳನ್ನು ನೋಂದಾಯಿಸುವ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್) ರಿಜಿಸ್ಟರ್‌ನಲ್ಲಿ ಹೆಸರಿರಬೇಕು. ಅದಕ್ಕೆ ಎನ್‌ಎಂಸಿ ಒಪ್ಪಿದ ಕೋರ್ಸೇ ಆಗಬೇಕು, ಅದರಲ್ಲಿ 2,300 ಗಂಟೆ ವಾರ್ಡು, ಸಮುದಾಯಗಳಲ್ಲಿ ಪ್ರಾಕ್ಟೀಸ್ ಇರಬೇಕು. ಸೋಷಿಯಲ್ ವರ್ಕರ್ ಆಗಲು ಸೋಷಿಯಲ್ ವರ್ಕ್ ಇಂಗ್ಲೆಂಡ್ ಎಂಬ ಸಂಸ್ಥೆ ಒಪ್ಪಿದ ಕೋರ್ಸ್ ಬೇಕು, ಅದರಲ್ಲಿ 200 ದಿನದ ಪ್ರಾಕ್ಟೀಸ್ ಕಲಿಕೆ. ಹೆಲ್ತ್ ಅಂಡ್ ಸೋಷಿಯಲ್ ಕೇರ್ ಟಾಪ್‌ಅಪ್‌ನಲ್ಲಿ ಇವು ಇರುವುದಿಲ್ಲ. ಅಲ್ಲಿ ಓದುವುದು ಪಾಲಿಸಿ, ಸೇಫ್‌ಗಾರ್ಡಿಂಗ್, ಲೀಡರ್‌ಶಿಪ್, ರಿಸರ್ಚ್ ಇಂಥವನ್ನು.

ನರ್ಸ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಹುದ್ದೆಯಾದ ನರ್ಸಿಂಗ್ ಅಸೋಸಿಯೇಟ್ ಕೂಡ ಫೌಂಡೇಶನ್ ಡಿಗ್ರಿ ಮೂಲಕವೇ ಸಾಮಾನ್ಯವಾಗಿ ಬರುವುದು. 2019ರಿಂದ ಎನ್‌ಎಂಸಿ ಅವರನ್ನು ರಿಜಿಸ್ಟರ್ ಮಾಡುತ್ತಿದೆ. ನೀವು ಅವರಲ್ಲೊಬ್ಬರಾಗಿದ್ದು ನರ್ಸ್ ಆಗುವ ಆಸೆ ಇದ್ದರೆ ಈ ಟಾಪ್‌ಅಪ್‌ಗೆ ಸೇರಬೇಡಿ. ನಿಮಗೆ ನರ್ಸಿಂಗ್ ಡಿಗ್ರಿಯನ್ನೇ ಕಡಿಮೆ ಅವಧಿಯಲ್ಲಿ ಮುಗಿಸುವ ದಾರಿ ಇದೆ, ಸರ್ಕಾರಿ ಆಸ್ಪತ್ರೆಗಳನ್ನು ನಡೆಸುವ ಎನ್‌ಎಚ್‌ಎಸ್ ಟ್ರಸ್ಟ್‌ಗಳು ಅಪ್ರೆಂಟಿಸ್‌ಶಿಪ್‌ನಲ್ಲೂ ಮಾಡಿಸುತ್ತವೆ. ನಿಮ್ಮ ವಾರ್ಡ್ ಮ್ಯಾನೇಜರ್ ಹತ್ತಿರ ಮೊದಲು ಮಾತಾಡಿ.

ಹಾಗಾದ್ರೆ ಯಾವ ಕೆಲಸಕ್ಕೆ ಪ್ರಯೋಜನ?

ರೋಗಿಯ ಮಂಚದ ಪಕ್ಕದಿಂದ ಒಂದು ಹೆಜ್ಜೆ ಆಚೆ ಇರುವ ಕೆಲಸಗಳಿಗೆ. ಕೇರ್ ಕೋಆರ್ಡಿನೇಟರ್, ಆಸ್ಪತ್ರೆಯಿಂದ ಮನೆಗೆ ಕಳಿಸುವ ಡಿಸ್ಚಾರ್ಜ್ ತಂಡ, ಜಿಪಿ ಸರ್ಜರಿಗಳಲ್ಲಿ (ಬಡಾವಣೆ ವೈದ್ಯರ ಕ್ಲಿನಿಕ್) ರೋಗಿಗಳನ್ನು ಸ್ಥಳೀಯ ಸಂಘ, ಸೇವೆಗಳ ಜೊತೆ ಸೇರಿಸುವ ಸೋಷಿಯಲ್ ಪ್ರಿಸ್ಕ್ರೈಬಿಂಗ್ ಲಿಂಕ್ ವರ್ಕರ್, ಕೌನ್ಸಿಲ್‌ನ ಅಡಲ್ಟ್ ಕೇರ್ ವಿಭಾಗ, ಡಿಮೆನ್ಷಿಯಾ ಅಥವಾ ಮನೆಯಿಲ್ಲದವರಿಗಾಗಿ ಇರುವ ಚಾರಿಟಿಗಳು. ಕೇರ್ ಹೋಮ್ ಮ್ಯಾನೇಜರ್ ಆಗಬೇಕೆಂದರೆ ಡಿಗ್ರಿ ಇದ್ದರೂ ಮೇಲೆ ಹೇಳಿದ ಲೀಡರ್‌ಶಿಪ್ ಡಿಪ್ಲೊಮಾ ಕೇಳುವುದು ಸಾಮಾನ್ಯ, ಅದನ್ನೂ ಲೆಕ್ಕದಲ್ಲಿಡಿ.

## ಅರ್ಜಿ, ದುಡ್ಡು, ವೀಸಾ

ನಾನು ಓದಿ ಆರು ವರ್ಷ ಆಯ್ತು. ಕ್ರೆಡಿಟ್ ಹಳಸಿ ಹೋಗುತ್ತಾ?

ಸರ್ಟಿಫಿಕೇಟ್ ಹಳಸುವುದಿಲ್ಲ. ಆದರೆ ಎಷ್ಟು ಹಳೆಯ ಕ್ರೆಡಿಟ್ ಒಪ್ಪಬೇಕು ಅನ್ನುವುದು ಆಯಾ ಯೂನಿವರ್ಸಿಟಿಗೆ ಬಿಟ್ಟದ್ದು. ಐದು ವರ್ಷದ ಮಿತಿ ಇಟ್ಟಿರುವವರು ಹಲವರಿದ್ದಾರೆ. ಈ ಮಧ್ಯೆ ಇದೇ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದರೆ ಅದನ್ನು ಅರ್ಜಿಯಲ್ಲಿ ಚೆನ್ನಾಗಿ ಬರೆಯಿರಿ, ಅದಕ್ಕೆ ತೂಕ ಇದೆ.

ಮೊದಲು ನಿಮ್ಮ ಫೌಂಡೇಶನ್ ಡಿಗ್ರಿಗೆ ಮುದ್ರೆ ಹಾಕಿದ ಯೂನಿವರ್ಸಿಟಿಯನ್ನೇ ಕೇಳಿ. ಪಾಠ ಮಾಡಿದ್ದು ಕಾಲೇಜು ಆಗಿದ್ದರೂ ಡಿಗ್ರಿ ಕೊಟ್ಟದ್ದು ಬಹುಪಾಲು ಒಂದು ಯೂನಿವರ್ಸಿಟಿ ಆಗಿರುತ್ತದೆ. ಪ್ರತಿ ಫೌಂಡೇಶನ್ ಡಿಗ್ರಿಗೂ ಆನರ್ಸ್‌ಗೆ ಮುಂದುವರಿಯುವ ಒಂದು ದಾರಿಯಾದರೂ ಇರಬೇಕು. ಅಲ್ಲಿಗೆ ಹೋದರೆ ಮಾಡ್ಯೂಲ್ ಹೊಂದುತ್ತಾ ಇಲ್ಲವಾ ಎಂಬ ತಲೆನೋವು ಕಡಿಮೆ.

ಬೇರೆ ಯೂನಿವರ್ಸಿಟಿಗೆ ಹೋಗುವುದಾದರೆ ಬರೀ ಸರ್ಟಿಫಿಕೇಟ್ ಸಾಲದು. ಮಾಡ್ಯೂಲ್‌ಗಳ ಹೆಸರು, ಕ್ರೆಡಿಟ್, ಅಂಕ ಇರುವ ಟ್ರಾನ್ಸ್‌ಕ್ರಿಪ್ಟ್ ಬೇಕು. ನನಗೆ ಆದದ್ದು ಹೇಳುತ್ತೇನೆ. ಒಂದು ಕಡೆ ಫೋನಿನಲ್ಲಿ "ಪರವಾಗಿಲ್ಲ, ಆಗುತ್ತೆ" ಅಂದರು. ನಂಬಿ ಕೂತೆ. ಆಗಸ್ಟ್ ಕೊನೆಗೆ, ನಿಮ್ಮ ಹಳೆಯ ಕೋರ್ಸಿನಲ್ಲಿ ರಿಸರ್ಚ್ ಮೆಥಡ್ಸ್ ಇಲ್ಲ, ಮೊದಲು ಬ್ರಿಡ್ಜಿಂಗ್ ಮಾಡ್ಯೂಲ್ ಮಾಡಿ ಎಂದು ಪತ್ರ ಬಂತು. ಆ ವರ್ಷ ಕೈತಪ್ಪಿತು. ಅದಕ್ಕೇ ಹೇಳುವುದು, ಏನೇ ಒಪ್ಪಿಗೆ ಕೊಟ್ಟರೂ ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಫುಲ್ ಟೈಮ್‌ಗೆ ಯುಕಾಸ್ (ಎಲ್ಲ ಯೂನಿವರ್ಸಿಟಿಗಳ ಅರ್ಜಿ ತೆಗೆದುಕೊಳ್ಳುವ ಸಂಸ್ಥೆ) ಮೂಲಕ ಅರ್ಜಿ ಹಾಕುವಾಗ ಮೂರನೇ ವರ್ಷದ ಪ್ರವೇಶ ಎಂದು ಗುರುತು ಮಾಡಲು ಮರೆಯಬೇಡಿ. ಪಾರ್ಟ್ ಟೈಮ್‌ಗೆ ಸಾಮಾನ್ಯವಾಗಿ ನೇರವಾಗಿ ಯೂನಿವರ್ಸಿಟಿಗೇ ಅರ್ಜಿ.

ಫೀಸು ಎಷ್ಟು? ಸಾಲ ಸಿಗುತ್ತಾ?

ಇಲ್ಲಿ ನೆಲೆಸಿದವರಿಗೆ ಇಂಗ್ಲೆಂಡಿನಲ್ಲಿ ಒಂದು ವರ್ಷಕ್ಕೆ ಗರಿಷ್ಠ ಫೀಸು 2025-26ರಲ್ಲಿ 9,535 ಪೌಂಡ್. ಕಾಲೇಜುಗಳಲ್ಲಿ ನಡೆಯುವ ಟಾಪ್‌ಅಪ್‌ಗೆ ಇದಕ್ಕಿಂತ ಕಡಿಮೆ ಇರಬಹುದು, ಹೋಲಿಸಿ ನೋಡಿ. ಸರ್ಕಾರದ ಸ್ಟೂಡೆಂಟ್ ಫೈನಾನ್ಸ್ ಸಾಲ ಸಿಗಲು ಐಎಲ್‌ಆರ್‌ನಂಥ (ಕಾಲಮಿತಿ ಇಲ್ಲದೆ ಇಲ್ಲೇ ಇರುವ ಅನುಮತಿ) ನೆಲೆಸಿದ ಸ್ಥಾನ ಮತ್ತು ಕೋರ್ಸಿಗೆ ಮುಂಚೆ ಮೂರು ವರ್ಷದ ವಾಸ, ಇವು ಸಾಮಾನ್ಯ ಷರತ್ತು. ಫೌಂಡೇಶನ್ ಡಿಗ್ರಿಗೆ ಸಾಲ ತೆಗೆದಿದ್ದರೂ ಅದು ಆನರ್ಸ್ ಅಲ್ಲದ ಕಾರಣ ಟಾಪ್‌ಅಪ್‌ಗೂ ಸಾಮಾನ್ಯವಾಗಿ ಸಿಗುತ್ತದೆ. ಮಧ್ಯದಲ್ಲಿ ಬೇರೆ ಕೋರ್ಸ್ ಸೇರಿ ಬಿಟ್ಟಿದ್ದರೆ ಆ ವರ್ಷವೂ ಲೆಕ್ಕಕ್ಕೆ ಬರುತ್ತದೆ.

2023ರ ಆಗಸ್ಟ್ 1ರಿಂದ ಹೊಸದಾಗಿ ಓದು ಶುರು ಮಾಡಿದವರ ಸಾಲಕ್ಕೆ ಪ್ಲ್ಯಾನ್ 5 ಎನ್ನುತ್ತಾರೆ. ವರ್ಷಕ್ಕೆ 25,000 ಪೌಂಡ್ ದಾಟಿದ ಸಂಬಳದ ಮೇಲೆ 9% ಕಟ್ಟುವುದು, 40 ವರ್ಷದ ಮೇಲೆ ಉಳಿದದ್ದು ಮನ್ನಾ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಎನ್‌ಎಚ್‌ಎಸ್ ಕಡೆಯಿಂದ ಬರುವ ವರ್ಷಕ್ಕೆ 5,000 ಪೌಂಡಿನ ಸಹಾಯ ಈ ಕೋರ್ಸಿಗೆ ಇಲ್ಲ. ಅದನ್ನು ನಂಬಿಕೊಂಡು ಮನೆ ಬಜೆಟ್ ಹಾಕಬೇಡಿ. ಪುಟ್ಟ ಮಕ್ಕಳಿದ್ದು ಫುಲ್ ಟೈಮ್ ಓದುವವರು ಚೈಲ್ಡ್‌ಕೇರ್ ಗ್ರಾಂಟ್ ಕೇಳಿ, ಅದು ವಾಪಸ್ ಕೊಡಬೇಕಿಲ್ಲದ ದುಡ್ಡು.

ಊರಲ್ಲಿ ಬಿ.ಕಾಂ. ಮಾಡಿದ್ದೆ. ಅದನ್ನ ಹೇಳದೇ ಇದ್ರೆ ಸಾಲ ಸಿಗುತ್ತಂತೆ, ಹೌದಾ?

ಬೇಡ ತಂಗಿ. ಈಗಾಗಲೇ ಆನರ್ಸ್‌ಗೆ ಸಮನಾದ ಡಿಗ್ರಿ ಇದ್ದವರಿಗೆ, ಅದು ಯಾವ ದೇಶದ್ದೇ ಆಗಲಿ, ಇನ್ನೊಂದು ಡಿಗ್ರಿಗೆ ಫೀಸಿನ ಸಾಲ ಸಾಮಾನ್ಯವಾಗಿ ಸಿಗುವುದಿಲ್ಲ. ಮುಚ್ಚಿಟ್ಟು ತೆಗೆದುಕೊಂಡರೆ ಅದು ಸುಳ್ಳು ಘೋಷಣೆ ಆಗುತ್ತದೆ. ಗೊತ್ತಾದ ದಿನ ಪೂರ್ತಿ ವಾಪಸ್ ಕೇಳಬಹುದು. ನಿಮ್ಮ ಕೆಲಸದ ಸಿವಿಯಲ್ಲಿ ಬಿ.ಕಾಂ. ಇರುತ್ತದೆ, ಅಲ್ವಾ?

ಇದರ ಬದಲು ಒಂದು ಮಾತು ಯೋಚಿಸಿ. ಡಿಗ್ರಿ ಇರುವ ನಿಮಗೆ ಎರಡನೇ ಡಿಗ್ರಿಯೇ ಯಾಕೆ? ನರ್ಸಿಂಗ್, ಮಿಡ್‌ವೈಫರಿಯಂಥ ಕೋರ್ಸ್‌ಗಳಿಗೆ ಈ ನಿಯಮದಲ್ಲಿ ವಿನಾಯಿತಿ ಇದೆ. ಎರಡು ವರ್ಷದ ಸೋಷಿಯಲ್ ವರ್ಕ್ ಮಾಸ್ಟರ್ಸ್‌ಗೆ ಬೇರೆ ವಿಷಯದ ಡಿಗ್ರಿಯವರನ್ನೂ ತೆಗೆದುಕೊಳ್ಳುತ್ತಾರೆ. ನಿಮ್ಮ ಬಿ.ಕಾಂ. ಅಡ್ಡಿ ಅಂದುಕೊಂಡಿದ್ದೀರಿ, ಅದೇ ನಿಮ್ಮನ್ನು ಇನ್ನೊಂದು ಬಾಗಿಲಿಗೆ ಕರೆದುಕೊಂಡು ಹೋಗಬಹುದು.

ನಾನು ಹೆಲ್ತ್ ಅಂಡ್ ಕೇರ್ ವರ್ಕರ್ ವೀಸಾದಲ್ಲಿದ್ದೀನಿ. ಓದೋಕೆ ಬಿಡ್ತಾರಾ?

ಓದಲು ಅಡ್ಡಿ ಇಲ್ಲ. ಸ್ಪಾನ್ಸರ್ ಮಾಡಿದ ಕೆಲಸವನ್ನು ಒಪ್ಪಿದ ಗಂಟೆಗಳಷ್ಟು ಮಾಡುತ್ತಲೇ ಇರಬೇಕು, ಓದಿಗಾಗಿ ಅದನ್ನು ಕಡಿಮೆ ಮಾಡಿಕೊಳ್ಳುವಂತಿಲ್ಲ. ಸರ್ಕಾರದ ಸಾಲ ಸಿಗುವುದಿಲ್ಲ, ಫೀಸು ಬಹುಪಾಲು ಕಡೆ ವಿದೇಶಿಯರ ದರದಲ್ಲಿ. ಆ ದರಕ್ಕೆ ಸರ್ಕಾರದ ಮಿತಿಯೂ ಇಲ್ಲ. ಐಎಲ್‌ಆರ್ ಬರಲು ಸ್ವಲ್ಪವೇ ಸಮಯ ಉಳಿದಿದ್ದರೆ ಕಾಯುವುದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಕೆಲಸ ಬಿಟ್ಟು ಸ್ಟೂಡೆಂಟ್ ವೀಸಾಗೆ ಹೋಗುವ ಮುಂಚೆ ಹತ್ತು ಸಲ ಯೋಚಿಸಿ. 2025ರ ಜುಲೈ 22ರಿಂದ ಹೊರದೇಶದಿಂದ ಹೊಸದಾಗಿ ಕೇರ್ ವರ್ಕರ್‌ಗಳನ್ನು ಕರೆಸುವುದು ನಿಂತಿದೆ. ಬಿಟ್ಟ ಜಾಗ ಮತ್ತೆ ಸಿಗುತ್ತದೆ ಅನ್ನುವ ಕಾಲ ಈಗಿಲ್ಲ.

ಬೆಂಗಳೂರಿನ ಏಜೆಂಟ್ ಒಬ್ರು "ಒಂದು ವರ್ಷದ ಟಾಪ್‌ಅಪ್ ಮಾಡಿ, ಫ್ಯಾಮಿಲಿ ಕರ್ಕೊಂಡು ಹೋಗಿ, ಆಮೇಲೆ ಪಿಆರ್" ಅಂತಿದ್ದಾರೆ. ನಿಜನಾ?

ಫ್ಯಾಮಿಲಿ ಕರೆದುಕೊಂಡು ಹೋಗುವುದು ಸುಳ್ಳು. 2024ರ ಜನವರಿಯಿಂದ ಶುರುವಾದ ಇಂಥ ಕೋರ್ಸ್‌ಗಳಿಗೆ ಬರುವವರು ಗಂಡ, ಹೆಂಡತಿ, ಮಕ್ಕಳನ್ನು ಡಿಪೆಂಡೆಂಟ್ ಆಗಿ ಕರೆತರುವಂತಿಲ್ಲ. ಸ್ಟೂಡೆಂಟ್ ವೀಸಾದಲ್ಲಿ ಡಿಗ್ರಿ ಓದುವವರು ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ. ಮುಗಿದ ಮೇಲೆ ಗ್ರ್ಯಾಜುಯೇಟ್ ವೀಸಾ ಎರಡು ವರ್ಷಕ್ಕೆ ಸಿಗುತ್ತಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು. ಅದು ಪಿಆರ್ ಅಲ್ಲ, ಅದಾದ ಮೇಲೆ ಸ್ಪಾನ್ಸರ್ ಮಾಡುವ ಕೆಲಸ ನೀವೇ ಹುಡುಕಬೇಕು.

ಯೂನಿವರ್ಸಿಟಿಯ ಹೆಸರಿನಲ್ಲಿ ಬೇರೆ ಸಂಸ್ಥೆ ಪಾಠ ಮಾಡುವ ಪದ್ಧತಿಯೂ ಇಲ್ಲಿದೆ. ಅಂಥ ಕಡೆ ಸ್ಟೂಡೆಂಟ್ ಫೈನಾನ್ಸ್ ದುರುಪಯೋಗದ ಬಗ್ಗೆ 2024ರ ಜನವರಿಯಲ್ಲಿ ಇಲ್ಲಿನ ನ್ಯಾಷನಲ್ ಆಡಿಟ್ ಆಫೀಸ್ ವರದಿ ಕೊಟ್ಟಿತು. ಒಳ್ಳೆಯವೂ ಇವೆ. ಆದರೂ ಸಂಸ್ಥೆಯ ಹೆಸರು ಯೂನಿವರ್ಸಿಟಿಗಳ ಮೇಲೆ ಕಣ್ಣಿಡುವ ಆಫೀಸ್ ಫಾರ್ ಸ್ಟೂಡೆಂಟ್ಸ್‌ನ ರಿಜಿಸ್ಟರ್‌ನಲ್ಲಿ ಇದೆಯಾ, ಡಿಗ್ರಿ ಕೊಡುವವರು ಯಾರು, ಸ್ಟೂಡೆಂಟ್ ವೀಸಾ ಸ್ಪಾನ್ಸರ್ ಮಾಡುವ ಅಧಿಕಾರ ಇದೆಯಾ, ಇವನ್ನು ನೀವೇ ಕೂತು ನೋಡಿ. ಅಮ್ಮನ ಬಳೆ ಅಡವಿಟ್ಟು ಕಟ್ಟುವ ದುಡ್ಡು ಅದು. ಒಂದು ಸಂಜೆ ಹೋದರೂ ಪರವಾಗಿಲ್ಲ.

## ಓದು ಶುರುವಾದ ಮೇಲೆ

ಒಂದೇ ವರ್ಷ ತಾನೇ, ಫುಲ್ ಟೈಮ್ ಕೆಲಸದ ಜೊತೆ ಆಗುತ್ತಾ?

ಒಂದು ಕ್ರೆಡಿಟ್ ಅಂದರೆ ಸುಮಾರು 10 ಗಂಟೆಯ ಓದು. 120 ಕ್ರೆಡಿಟ್‌ಗೆ 1,200 ಗಂಟೆ. ಸೆಪ್ಟೆಂಬರಿನಿಂದ ಮೇವರೆಗೆ ಹಂಚಿದರೆ ವಾರಕ್ಕೆ 30 ಗಂಟೆಗೂ ಜಾಸ್ತಿ. ತರಗತಿ ವಾರಕ್ಕೆ ಒಂದೋ ಎರಡೋ ದಿನ ಎಂದು ಕೇಳಿ ಸುಲಭ ಅನ್ನಿಸುತ್ತದೆ, ಉಳಿದದ್ದೆಲ್ಲ ಮನೆಯಲ್ಲಿ ಕೂತು ಓದಬೇಕಾದ್ದು. ವಾರಕ್ಕೆ ಎರಡು ಪಾಳಿ ಮಾಡುತ್ತಿದ್ದರೆ ಫುಲ್ ಟೈಮ್ ಓದಿ. ನಾಲ್ಕು ಪಾಳಿ ಇದ್ದರೆ ಪಾರ್ಟ್ ಟೈಮ್ ಆರಿಸಿಕೊಳ್ಳಿ. ನಾನು ಮಾಡಿದ್ದು ಎರಡು ವರ್ಷದ ಪಾರ್ಟ್ ಟೈಮ್. ನೈಟ್ ಮುಗಿಸಿ ಬಂದ ಬೆಳಿಗ್ಗೆ ಏನೂ ಬರೆಯಬಾರದು ಎಂದು ಮೊದಲ ತಿಂಗಳಲ್ಲೇ ಕಲಿತೆ. ಬರೆದದ್ದನ್ನೆಲ್ಲ ಮಾರನೇ ದಿನ ಅಳಿಸಬೇಕಾಗುತ್ತಿತ್ತು.

ಲೆವೆಲ್ 5ರಲ್ಲಿ 68 ಬರ್ತಿತ್ತು, ಈಗ 52. ಅಷ್ಟೇ ಕಷ್ಟಪಟ್ಟು ಬರೆದಿದ್ದೀನಿ. ಎಲ್ಲಿ ತಪ್ತಾ ಇದೆ?

ಎಲ್ಲರಿಗೂ ಇದು ಆಗುತ್ತದೆ. ಲೆವೆಲ್ 5ರವರೆಗೆ ನೀವು ಏನು ಮಾಡುತ್ತೀರಿ, ಯಾಕೆ ಮಾಡುತ್ತೀರಿ ಎಂದು ಚೆನ್ನಾಗಿ ಬರೆದರೆ ಅಂಕ ಬರುತ್ತದೆ. ಲೆವೆಲ್ 6ರಲ್ಲಿ ಅದು ಸರಿಯೇ ಎಂದು ನೀವೇ ಪ್ರಶ್ನೆ ಹಾಕಬೇಕು. ಕ್ರಿಟಿಕಲ್ ಅನಾಲಿಸಿಸ್ ಎಂದು ಅವರು ಕೆಂಪಕ್ಷರದಲ್ಲಿ ಬರೆಯುವುದು ಇದನ್ನೇ.

ನನ್ನ ಮೊದಲ ಅಸೈನ್‌ಮೆಂಟಿನ ಒಂದು ಸಾಲು ಇದು: "ಬೀಳುವ ಅಪಾಯ ಇರುವವರ ಮಂಚದ ಪಕ್ಕ ಸೆನ್ಸರ್ ಮ್ಯಾಟ್ ಹಾಕುತ್ತೇವೆ. ಇದರಿಂದ ಅವರು ಸುರಕ್ಷಿತವಾಗಿರುತ್ತಾರೆ." ಪಕ್ಕದಲ್ಲಿ ಮೇಷ್ಟ್ರು ಪೆನ್ಸಿಲ್‌ನಲ್ಲಿ ಬರೆದದ್ದು ಎರಡೇ ಪ್ರಶ್ನೆ. "ಹೇಗೆ ಗೊತ್ತು? ಯಾರಿಗೆ ನೆಮ್ಮದಿ?"

ಆ ಎರಡು ಪ್ರಶ್ನೆ ಹಿಡಿದುಕೊಂಡು ಕೂತೆ. ಮ್ಯಾಟ್ ಕೂಗುವುದು ಅಜ್ಜಿ ಕಾಲು ಕೆಳಗಿಟ್ಟ ಮೇಲೆ. ರಾತ್ರಿ ಮೂವತ್ತು ಜನರಿಗೆ ನಾವು ಇಬ್ಬರು. ಕಾರಿಡಾರಿನ ಆ ಕೊನೆಯಿಂದ ಓಡಿ ಬರುವಷ್ಟರಲ್ಲಿ ಅಜ್ಜಿ ಬಿದ್ದಾಗಿರಬಹುದು. ನಾಟಿಂಗ್‌ಹ್ಯಾಮ್‌ನ ಆಸ್ಪತ್ರೆ ವಾರ್ಡ್‌ಗಳಲ್ಲಿ ಹಾಸಿಗೆ, ಕುರ್ಚಿಯ ಸೆನ್ಸರ್‌ಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಸಿಕ್ಕಿತು. ಅದರಲ್ಲಿ ಬೀಳುವುದು ಕಡಿಮೆಯಾಗಿರಲಿಲ್ಲ. ಹಾಗಂತ ಅದನ್ನೇ ತೀರ್ಪು ಎಂದು ಬರೆದರೂ ತಪ್ಪು. ಅದು ಆಸ್ಪತ್ರೆ, ನಮ್ಮದು ಕೇರ್ ಹೋಮ್. ಜ್ವರ ಬಂದು ನಾಲ್ಕು ದಿನ ಮಲಗುವವರೂ ಅಲ್ಲೇ ಮನೆ ಮಾಡಿಕೊಂಡವರೂ ಒಂದೇನಾ? ಇನ್ನೊಂದು: ಅಜ್ಜಿಯನ್ನು ಯಾರಾದರೂ ಕೇಳಿದ್ದರಾ? 2005ರ ಮೆಂಟಲ್ ಕೆಪಾಸಿಟಿ ಆಕ್ಟ್ ಪ್ರಕಾರ, ಬೇಡ ಎನ್ನುವ ಶಕ್ತಿ ಅವರಿಗಿದ್ದರೆ ಆ ಬೇಡಕ್ಕೆ ಬೆಲೆ ಕೊಡಬೇಕು.

ಒಂದು ಮ್ಯಾಟಿನಿಂದ ಎರಡು ಪುಟ ಬಂತು. ನಿಮ್ಮ ಪಾಳಿಯಲ್ಲೂ ಇಂಥ ಮ್ಯಾಟ್ ಇದ್ದೇ ಇರುತ್ತದೆ. ನೇರವಾಗಿ ಹದಿನೆಂಟಕ್ಕೆ ಯೂನಿವರ್ಸಿಟಿಗೆ ಬಂದ ಮಕ್ಕಳಿಗೆ ಇಲ್ಲದ ಬಂಡವಾಳ ಅದು.

60 ಬಂದ್ರೆ ನಮ್ಮ ಕಡೆ ಫಸ್ಟ್ ಕ್ಲಾಸ್. ಇಲ್ಲಿ?

ಇಲ್ಲಿ 70 ಮತ್ತು ಮೇಲೆ ಫಸ್ಟ್. 60ರಿಂದ 69 ಟೂ ಒನ್, 50ರಿಂದ 59 ಟೂ ಟೂ, 40ರಿಂದ 49 ಥರ್ಡ್. 80 ದಾಟುವುದು ಅಪರೂಪ. 64 ಬಂತೆಂದು ಮನೆಯಲ್ಲಿ ಹೇಳಲು ಸಂಕೋಚ ಬೇಡ, ಅದು ಒಳ್ಳೆಯ ಅಂಕ. ಬಹಳಷ್ಟು ಟಾಪ್‌ಅಪ್‌ಗಳಲ್ಲಿ ಕ್ಲಾಸ್ ನಿರ್ಧಾರ ಆಗುವುದು ಈ ಕೊನೆಯ 120 ಕ್ರೆಡಿಟ್‌ಗಳ ಮೇಲೆ ಮಾತ್ರ. ಮೊದಲ ಅಸೈನ್‌ಮೆಂಟೇ ಲೆಕ್ಕಕ್ಕೆ ಬರುತ್ತದೆ, ಕೈ ಪಳಗಿಸಿಕೊಳ್ಳಲು ಬೇರೆ ವರ್ಷ ಇರುವುದಿಲ್ಲ. ಹಾಗಾಗಿ ಬೇಸಿಗೆಯಲ್ಲೇ ಲೈಬ್ರರಿಯವರ ಬರವಣಿಗೆ ತರಬೇತಿಗೆ ಹೋಗಿ.

ಡಿಸರ್ಟೇಶನ್‌ಗೆ ನಮ್ಮ ಹೋಮ್‌ನ ಅಜ್ಜ ಅಜ್ಜಿಯರನ್ನೇ ಮಾತಾಡಿಸಿ ಬರೆಯಬಹುದಾ?

ಆಸೆ ಒಳ್ಳೆಯದು, ಆದರೆ ಬಹುಪಾಲು ಕಡೆ ಬಿಡುವುದಿಲ್ಲ. ಎಥಿಕ್ಸ್ ಒಪ್ಪಿಗೆ ಬೇಕು. ನಿಮ್ಮ ಕೈಯಿಂದ ಊಟ ತಿನ್ನುವವರು ನೀವು ಕೇಳಿದರೆ ಇಲ್ಲ ಅನ್ನಲು ಹಿಂಜರಿಯುತ್ತಾರೆ. ಈ ಮಟ್ಟದಲ್ಲಿ ಹೆಚ್ಚಿನವರು ಪ್ರಕಟವಾದ ಅಧ್ಯಯನಗಳನ್ನು ಹುಡುಕಿ, ತೂಗಿ ಬರೆಯುವ ಲಿಟರೇಚರ್ ರಿವ್ಯೂ ಮಾಡುತ್ತಾರೆ. ಪ್ರಶ್ನೆ ಚಿಕ್ಕದಾಗಿರಲಿ. "ಡಿಮೆನ್ಷಿಯಾ ಆರೈಕೆ" ಅಂದರೆ ಸಮುದ್ರ. "ಕೇರ್ ಹೋಮ್‌ನಲ್ಲಿ ಡಿಮೆನ್ಷಿಯಾ ಇರುವವರಿಗೆ ಮಾತೃಭಾಷೆಯಲ್ಲಿ ಮಾತಾಡಿಸಿದರೆ ಊಟ, ನಿದ್ದೆ ಸುಧಾರಿಸುತ್ತದೆಯೇ" ಅನ್ನುವುದು ಕೈಗೆ ಸಿಗುವ ಪ್ರಶ್ನೆ. ಕಲಿತ ಇಂಗ್ಲಿಷ್ ಮರೆತು ಮೊದಲ ಭಾಷೆಗೆ ಮರಳುವ ಹಿರಿಯರನ್ನು ನೋಡಿದ ನಮಗೆ ಅದರ ಬೆಲೆ ಗೊತ್ತು.

ಇಂಗ್ಲಿಷ್ ಬರವಣಿಗೆಗೆ ಎಐ ಬಳಸಬಹುದಾ?

ನಿಮ್ಮ ಯೂನಿವರ್ಸಿಟಿಯ ನಿಯಮ ಮೊದಲು ಓದಿ, ಮಾಡ್ಯೂಲ್‌ಗೊಂದು ನಿಯಮ ಇರುವ ಕಡೆಯೂ ಇದೆ. ಅದರಿಂದ ಬರೆಸಿ ನಿಮ್ಮದೆಂದು ಕೊಡುವುದು ಎಲ್ಲೂ ಸಲ್ಲದು. ದುಡ್ಡು ಕೊಟ್ಟು ಬರೆಸುವ ಅಂಗಡಿಗಳ ಹತ್ತಿರವೂ ಸುಳಿಯಬೇಡಿ, ಇಂಗ್ಲೆಂಡಿನಲ್ಲಿ ಅಂಥ ವ್ಯವಹಾರ ನಡೆಸುವುದೇ 2022ರಿಂದ ಅಪರಾಧ.

## ಮುಗಿದ ಮೇಲೆ

ನನಗೆ ಈಗಲೂ ನರ್ಸ್ ಆಗೋ ಆಸೆ ಇದೆ. ಟಾಪ್‌ಅಪ್ ಆದ್ಮೇಲೆ ದಾರಿ ಇದೆಯಾ?

ಇದೆ. ಡಿಗ್ರಿ ಇದ್ದವರಿಗೆ ಎರಡು ವರ್ಷದ ನರ್ಸಿಂಗ್ ಮಾಸ್ಟರ್ಸ್ ಹಲವು ಕಡೆ ಇದೆ. ನಿಮ್ಮ ಹಿಂದಿನ ಓದು ಮತ್ತು ಆರೈಕೆಯ ಅನುಭವವನ್ನು ಅರ್ಧದವರೆಗೆ ಲೆಕ್ಕಕ್ಕೆ ಹಿಡಿಯಲು ಎನ್‌ಎಂಸಿ ಬಿಡುತ್ತದೆ, ಅದಕ್ಕೇ ಮೂರು ವರ್ಷದ್ದು ಎರಡಾಗುತ್ತದೆ. ಅರ್ಜಿ ಹಾಕುವ ಮುಂಚೆ ಆರೈಕೆ ಮಾಡಿದ ಗಂಟೆಗಳಿಗೆ ಮ್ಯಾನೇಜರ್ ಸಹಿ ಹಾಕಿಸಿ ಇಟ್ಟುಕೊಳ್ಳಿ. ಮ್ಯಾನೇಜರ್ ಬದಲಾದ ಮೇಲೆ ಓಡಾಡುವುದು ತಪ್ಪುತ್ತದೆ. ಸೋಷಿಯಲ್ ವರ್ಕ್ ಮಾಸ್ಟರ್ಸ್‌ಗೆ ಟೂ ಒನ್ ಕೇಳುವುದು ಜಾಸ್ತಿ. ಟೂ ಟೂ ಬಂದಿದ್ದರೂ ಅನುಭವ ನೋಡಿ ಕೊಡುವ ಕಡೆಗಳಿವೆ, ಬರೆದು ಕೇಳಿ.

ಊರಿಗೆ ವಾಪಸ್ ಹೋದ್ರೆ ಈ ಡಿಗ್ರಿಗೆ ಬೆಲೆ ಇದೆಯಾ?

ಬ್ರಿಟನ್ ಮತ್ತು ಭಾರತ 2022ರ ಜುಲೈನಲ್ಲಿ ಪರಸ್ಪರ ಡಿಗ್ರಿಗಳನ್ನು ಒಪ್ಪುವ ಒಪ್ಪಂದ ಮಾಡಿಕೊಂಡಿವೆ. ಭಾರತದಲ್ಲಿ ಮಾಸ್ಟರ್ಸ್ ಓದಲು ಅಥವಾ ಸರ್ಕಾರಿ ಕೆಲಸಕ್ಕೆ ಸಮಾನತೆಯ ಸರ್ಟಿಫಿಕೇಟ್ ಕೇಳಬಹುದು. ಆಗ ಟಾಪ್‌ಅಪ್‌ದು ಮಾತ್ರವಲ್ಲ, ಫೌಂಡೇಶನ್ ಡಿಗ್ರಿಯ ಟ್ರಾನ್ಸ್‌ಕ್ರಿಪ್ಟ್ ಕೂಡ ಬೇಕಾಗುತ್ತದೆ. ಇಲ್ಲವಾದರೆ ನೀವು ಓದಿದ್ದು ಒಂದೇ ವರ್ಷ ಎಂದು ಕಾಣುತ್ತದೆ. ಎರಡನ್ನೂ ಜೋಪಾನವಾಗಿಡಿ.

ನಾನು ಊರಲ್ಲಿ ಜಿಎನ್‌ಎಂ ಮಾಡಿ ಬಂದವಳು. ಇಲ್ಲಿ ಎನ್‌ಎಂಸಿ ಪಿನ್ ಸಿಕ್ಕಿದೆ, ವಾರ್ಡ್‌ನಲ್ಲಿದ್ದೀನಿ. ಇದೇ ಟಾಪ್‌ಅಪ್ ಮಾಡಲಾ?

ಬೇಡಮ್ಮ, ನಿಮಗೆ ಬೇರೆ ಇದೆ. ಪಿನ್, ಅಂದರೆ ರಿಜಿಸ್ಟರ್ ನಂಬರ್ ಇರುವ ಡಿಪ್ಲೊಮಾ ನರ್ಸ್‌ಗಳಿಗೆ ನರ್ಸಿಂಗ್ ಸ್ಟಡೀಸ್ ಟಾಪ್‌ಅಪ್ ಎಂದು ಹಲವು ಯೂನಿವರ್ಸಿಟಿಗಳು ನಡೆಸುತ್ತವೆ. ಅದೂ ಲೆವೆಲ್ 6, ಅದೂ 120 ಕ್ರೆಡಿಟ್. ನೀವು ವಾರ್ಡಿನಲ್ಲಿ ಮಾಡುವ ಕೆಲಸಕ್ಕೆ ಅದು ಹತ್ತಿರ, ಮುಂದೆ ಸಿಸ್ಟರ್ ಅಥವಾ ಸ್ಪೆಷಲಿಸ್ಟ್ ಹುದ್ದೆ ಕೇಳುವಾಗ ಉಪಯೋಗಕ್ಕೆ ಬರುತ್ತದೆ. ನಿಮ್ಮ ಟ್ರಸ್ಟ್‌ನ ಶಿಕ್ಷಣ ತಂಡವನ್ನು ಹುಡುಕಿ, ಒಂದೊಂದೇ ಮಾಡ್ಯೂಲ್‌ಗೆ ದುಡ್ಡು ಕೊಡುತ್ತಾರಾ ಎಂದು ಕೇಳಿ. ಕೊಡುವ ಟ್ರಸ್ಟ್‌ಗಳಿವೆ, ಕೇಳಿದವರಿಗೆ ಮಾತ್ರ ಗೊತ್ತಾಗುತ್ತದೆ. ಜಿಎನ್‌ಎಂ ಅಂಕಪಟ್ಟಿ ಊರಲ್ಲೇ ಬಿಟ್ಟು ಬಂದಿದ್ದರೆ ಈ ಸಲ ಅಪ್ಪ ಅಮ್ಮ ಬರುವಾಗ ಮೂರೂ ವರ್ಷದ್ದನ್ನು ತರಲು ಹೇಳಿ.